ಕೆರೆ-ಕಾಡುಗಳ ಗಣತಿ

ಕೆಲವು ವರ್ಷಗಳ ಹಿಂದೆ ಕೂಡ್ಲಿಗಿಯ ಹತ್ತಿರದ ಹಳ್ಳಿಯೊಂದರಲ್ಲಿ ಸಂಜೆಯ ಹೊತ್ತು ಒಬ್ಬ ರೈತರ ಮನೆಯ ಜಗಲಿಯ ಮೇಲೆ ಕುಳಿತಿದ್ದೆ. ಹಿಂದಿನ ರಾತ್ರಿ ಕರಡಿಯೊಂದು ಅವರ ಶೇಂಗಾ ಹೊಲಕ್ಕೆ ನುಗ್ಗಿ ಒಂದು ಮೂಲೆಯನ್ನೆಲ್ಲ ಕೆದರಿಹಾಕಿ ಹೋಗಿತ್ತು. “ಮೇಷ್ಟ್ರೆ, ಈಗೀಗ ಕರಡಿ ಬಾಳ ಆಗ್ಯಾವ್ರಿ” ಎಂದರು ಅವರು. ಪಟ್ಟಣದಲ್ಲಿ ಓದುತ್ತಿದ್ದ ಅವರ ಮಗ ಜಗಲಿಯ ಇನ್ನೊಂದು ತುದಿಯಿಂದ, “ಎಲ್ಲಿ ಬಾಳ ಆಗ್ಯಾವಪ್ಪಾ? ಗುಡ್ಡ ಒಡದು ಕಲ್ಲು ಒಯ್ದ ಮೇಲೆ ಅವು ಕಡಿಮಿನೇ ಆಗ್ಯಾವ. ಇರಾಕ ಜಾಗ ಇಲ್ದ ಹೊಲಕ್ಕ ಬರ್ತಾವ” ಎಂದ. ತಂದೆ ಮಗ ಇಬ್ಬರೂ ಕಂಡದ್ದು ಒಂದೇ ಕರಡಿಯನ್ನು. ಒಬ್ಬರಿಗೆ ಅದು ಹೆಚ್ಚಳದ ಗುರುತು, ಇನ್ನೊಬ್ಬನಿಗೆ ಇಳಿಕೆಯ ಗುರುತು. ಇಬ್ಬರೂ ನನ್ನ ಮುಖವನ್ನು ನೋಡಿದರು. ಕಾಲೇಜಿನಲ್ಲಿ ಪಾಠ ಹೇಳುವವನಿಗೆ ಇದು ತಿಳಿದಿರಬೇಕೆಂಬುದು ಅವರ ನಂಬಿಕೆ. ನನಗೆ ತಿಳಿದಿರಲಿಲ್ಲ. ತಿಳಿಯುವ ಬಗೆ ಯಾವುದು, ಅದು ಏಕೆ ಅಷ್ಟು ಕಠಿಣ ಎಂಬುದನ್ನು ಮಾತ್ರ ಬಲ್ಲೆ. ಅದನ್ನೇ ಈ ಹೊತ್ತು ಕೇಳುಗರ ಮುಂದೆ ಇಡಬೇಕೆಂದಿದ್ದೇನೆ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳೋಣ. ಒಂದೇ ಜಾತಿಗೆ ಸೇರಿದ, ಒಂದು ಗೊತ್ತಾದ ಪ್ರದೇಶದಲ್ಲಿ, ಒಂದು ಗೊತ್ತಾದ ಕಾಲದಲ್ಲಿ ಬಾಳುತ್ತಿರುವ ಜೀವಿಗಳ ಗುಂಪನ್ನು ಜೀವಿಶಾಸ್ತ್ರದಲ್ಲಿ ಒಂದು ಸಮುದಾಯವೆಂದು ಎಣಿಸುತ್ತಾರೆ. ಜಾತಿ, ಪ್ರದೇಶ, ಕಾಲ ಎಂಬ ಈ ಮೂರರಲ್ಲಿ ಯಾವುದೊಂದು ಸಡಿಲವಾದರೂ ಸಂಖ್ಯೆಗೆ ಅರ್ಥವಿಲ್ಲ. ಹರಪನಹಳ್ಳಿ ತಾಲ್ಲೂಕನ್ನೇ ನೋಡಿ. ಅದು ೧೯೯೭ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ದಾವಣಗೆರೆ ಜಿಲ್ಲೆಗೆ ಸೇರಿತು. ಮುಂದೆ ಬಳ್ಳಾರಿಗೇ ಮರಳಿತು. ೨೦೨೧ರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಜೊತೆಗೆ ಹೊಸ ವಿಜಯನಗರ ಜಿಲ್ಲೆಯ ಪಾಲಾಯಿತು. ಎಲ್ಲೆಯ ಗೆರೆಯನ್ನು ನೋಡದೆ ಜಿಲ್ಲೆಗಳ ಜನಸಂಖ್ಯೆಯನ್ನು ಹೋಲಿಸಿದರೆ, ಒಬ್ಬ ಮನುಷ್ಯನೂ ಮನೆಯ ಹೊಸ್ತಿಲು ದಾಟದೆ ಸಾವಿರಾರು ಜನ ಬಂದಂತೆಯೂ ಹೋದಂತೆಯೂ ತೋರುತ್ತದೆ. ಮನುಷ್ಯನಿಗಾದರೋ ಗಡಿಯ ಕಲ್ಲಿನ ಅರಿವುಂಟು. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ೨೦೧೩ರಲ್ಲಿ ಸುಮಾರು ೩೮ ಚದರ ಕಿಲೋಮೀಟರುಗಳ ಕರಡಿಧಾಮವನ್ನು ಘೋಷಿಸಿದರು. ಬಳಿಕ ಅದನ್ನು ವಿಸ್ತರಿಸಿದರು. ಆ ಎಲ್ಲೆಯು ಸರಕಾರದ ನಕ್ಷೆಯಲ್ಲಿ ಇದೆ. ಕರಡಿಯ ನಕ್ಷೆಯಲ್ಲಿ ಇಲ್ಲ.

ಸಮುದಾಯವೊಂದರ ಸಂಖ್ಯೆ ಹೆಚ್ಚಲು ದಾರಿಗಳು ಎರಡೇ: ಹುಟ್ಟು ಮತ್ತು ಹೊರಗಿನಿಂದ ಬರುವಿಕೆ. ತಗ್ಗಲೂ ದಾರಿಗಳು ಎರಡೇ: ಸಾವು ಮತ್ತು ಹೊರಕ್ಕೆ ಹೋಗುವಿಕೆ. ನಮ್ಮ ಹಳ್ಳಿಯ ಕೆರೆಯನ್ನು ನೆನೆಯಿರಿ. ಮಳೆಯೂ ಹಳ್ಳವೂ ನೀರನ್ನು ತರುತ್ತವೆ, ತೂಬೂ ಬಿಸಿಲೂ ಒಯ್ಯುತ್ತವೆ. ನೀರಿನ ಮಟ್ಟ ಏರಿತೆಂದ ಮಾತ್ರಕ್ಕೆ ಮಳೆಯಾಯಿತೆಂದು ಹೇಳಲಾಗದು. ಮೇಲಿನ ಕೆರೆ ಕೋಡಿ ಬಿದ್ದಿರಬಹುದು, ತೂಬು ಮುಚ್ಚಿರಬಹುದು. ಹಾಗೆಯೇ ಸಂಖ್ಯೆ ಏರಿದಾಗ ಯಾವ ಬಾಗಿಲಿನಿಂದ ಏರಿತೆಂದು ಕೇಳುವುದು ಶಾಸ್ತ್ರದ ಮೊದಲ ಪಾಠ.

ಈ ಪಾಠವನ್ನು ಕಲಿಯಲು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಅಲ್ಲಿರುವುದು ಶತಮಾನಗಳ ಹಿಂದೆ ನೀರಾವರಿಗಾಗಿ ಕಟ್ಟಿದ ಒಂದು ಊರಕೆರೆ. ವಿಸ್ತಾರ ಸುಮಾರು ೨೪೪ ಎಕರೆ. ಕೆರೆಯ ನೀರಿನ ನಡುವೆ ಜಾಲಿಮರಗಳು ನಿಂತಿವೆ. ೧೯೫೩ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಆದ ಮೇಲೆ ಈ ತಾಲ್ಲೂಕಿನ ಅಂಚಿನವರೆಗೂ ಹಿನ್ನೀರು ಹರಡಿಕೊಂಡಿತು; ಹಿನ್ನೀರಿನ ತಡಿಯಲ್ಲಿ ಮೇವು, ಕೆರೆಯ ಮರದಲ್ಲಿ ಗೂಡು ಎಂಬಂತೆ ನೀರುಹಕ್ಕಿಗಳಿಗೆ ಅನುಕೂಲ ಒದಗಿತು. ಊರವರೂ ಹಕ್ಕಿಗಳನ್ನು ಕಾಪಾಡಿಕೊಂಡು ಬಂದರು. ೨೦೧೭ರಲ್ಲಿ ಇದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು; ೨೦೨೪ರ ಜನವರಿಯ ಕೊನೆಯಲ್ಲಿ, ಅಘನಾಶಿನಿಯ ಅಳಿವೆ ಮತ್ತು ಗದಗ ಜಿಲ್ಲೆಯ ಮಾಗಡಿ ಕೆರೆಗಳೊಡನೆ, ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ ಪ್ರಕಟವಾಯಿತು.

ರಾಮ್ಸಾರ್ ಎಂಬುದು ಇರಾನ್ ದೇಶದ ಒಂದು ಪಟ್ಟಣ. ಜೌಗುನೆಲಗಳನ್ನೂ ಕೆರೆಗಳನ್ನೂ ಉಳಿಸುವ ಬಗ್ಗೆ ಹಲವು ರಾಷ್ಟ್ರಗಳು ೧೯೭೧ರಲ್ಲಿ ಅಲ್ಲಿ ಒಂದು ಒಪ್ಪಂದಕ್ಕೆ ಬಂದವು. ಭಾರತ ೧೯೮೨ರಲ್ಲಿ ಸೇರಿತು. ಆ ಪಟ್ಟಿಗೆ ಸೇರಲು ಹಲವು ಅಳತೆಗೋಲುಗಳಿವೆ. ಅವುಗಳಲ್ಲಿ ಎರಡು ಶುದ್ಧ ಲೆಕ್ಕದವು: ಒಂದು ನೆಲೆಯಲ್ಲಿ ೨೦,೦೦೦ ಅಥವಾ ಅದಕ್ಕೂ ಹೆಚ್ಚು ನೀರುಹಕ್ಕಿಗಳು ನಿಯಮಿತವಾಗಿ ಇರಬೇಕು; ಇಲ್ಲವೇ ಯಾವುದಾದರೊಂದು ನೀರುಹಕ್ಕಿಯ ಸಮುದಾಯದಲ್ಲಿ ನೂರಕ್ಕೆ ಒಂದು ಪಾಲಾದರೂ ಅಲ್ಲಿರಬೇಕು. ಅಂಕಸಮುದ್ರದಲ್ಲಿ ಗೂಡುಕಟ್ಟುವ ಮತ್ತು ರಾತ್ರಿ ತಂಗುವ ನೀರುಹಕ್ಕಿಗಳು ೩೦,೦೦೦ಕ್ಕೂ ಹೆಚ್ಚೆಂದು ಆ ಪಟ್ಟಿಯ ವಿವರಣೆ ಹೇಳುತ್ತದೆ. ಬಣ್ಣದ ಕೊಕ್ಕರೆ, ಕರಿತಲೆಯ ಕೆಂಬರಲು ಎಂಬ ಎರಡು ಜಾತಿಗಳು ನೂರಕ್ಕೆ ಒಂದರ ಮಿತಿಯನ್ನೂ ಮೀರಿವೆ. ಹಳ್ಳಿಯ ಕೆರೆಯೊಂದಕ್ಕೆ ಲೋಕದ ಪಟ್ಟಿಯಲ್ಲಿ ಸ್ಥಾನ ದೊರಕಿಸಿಕೊಟ್ಟದ್ದರಲ್ಲಿ ಎಣಿಕೆಗೆ ದೊಡ್ಡ ಪಾಲಿದೆ. ಹಾಗಾದಮೇಲೆ ಎಣಿಕೆ ಎಂದರೇನು ಎಂಬುದನ್ನು ವಿಚಾರಿಸುವುದು ವ್ಯರ್ಥವಲ್ಲ.

ಎಣಿಕೆಗೆ ಬರುವ ಮೊದಲು ಬೆಳವಣಿಗೆಯ ನಿಯಮವನ್ನು ನೋಡೋಣ. ವಾದಕ್ಕಾಗಿ ಒಂದು ಕೆರೆಯಲ್ಲಿ ನೂರು ಜೋಡಿ ಕೊಕ್ಕರೆಗಳಿವೆಯೆಂದು ಇಟ್ಟುಕೊಳ್ಳೋಣ. ಪ್ರತಿಯೊಂದು ಜೋಡಿಯೂ ವರ್ಷಕ್ಕೆ ಎರಡು ಮರಿಗಳನ್ನು ಬೆಳೆಸಿ ದಡ ಹತ್ತಿಸಲಿ. ಯಾವ ಹಕ್ಕಿಯೂ ಸಾಯದಿರಲಿ. ಮರಿಗಳು ಮರುವರ್ಷವೇ ಗೂಡುಕಟ್ಟಲಿ. ಆಗ ಸಂಖ್ಯೆ ವರ್ಷವರ್ಷವೂ ಇಮ್ಮಡಿಯಾಗುತ್ತದೆ. ೨೦೦ ಹಕ್ಕಿಗಳು ಹತ್ತು ವರ್ಷಗಳಲ್ಲಿ ೨ ಲಕ್ಷವನ್ನು ದಾಟುತ್ತವೆ. ಇಪ್ಪತ್ತು ವರ್ಷಗಳಲ್ಲಿ ೨೦ ಕೋಟಿಯನ್ನು ದಾಟುತ್ತವೆ. ಇದು ಗುಣೋತ್ತರ ಶ್ರೇಢಿ. ೧೭೯೮ರಲ್ಲಿ ಇಂಗ್ಲೆಂಡಿನ ಮಾಲ್ಥಸ್ ಎಂಬಾತನು ಮನುಷ್ಯರ ವಿಷಯದಲ್ಲಿ ಎತ್ತಿದ ಪ್ರಶ್ನೆಯೂ ಇದೇ: ಹುಟ್ಟು ಹೀಗೆ ಗುಣಿಸುತ್ತ ಹೋಗುವಾಗ ಅನ್ನ ಅದೇ ವೇಗದಲ್ಲಿ ಗುಣಿಸುವುದುಂಟೆ?

ಇಪ್ಪತ್ತು ಕೋಟಿ ಕೊಕ್ಕರೆಗಳನ್ನು ಯಾರೂ ಕಂಡಿಲ್ಲ. ನಿಜವಾದ ಕೊಕ್ಕರೆ ಮರುವರ್ಷವೇ ಗೂಡುಕಟ್ಟುವುದಿಲ್ಲ, ಮೊಟ್ಟೆಗಳೆಲ್ಲ ಮರಿಯಾಗುವುದಿಲ್ಲ, ಮರಿಗಳೆಲ್ಲ ಹಾರುವುದಿಲ್ಲ. ಇದಲ್ಲದೆ ಗುಂಪು ದಟ್ಟವಾದಂತೆ ಗುಂಪೇ ತನಗೆ ತಾನು ಅಡ್ಡಿಯಾಗುತ್ತದೆ. ಕೆರೆಯ ಜಾಲಿಮರದಲ್ಲಿ ಗಟ್ಟಿಯಾದ ಕವಲುಗಳು ಇಂತಿಷ್ಟೇ. ಮೊದಲು ಬಂದವು ಒಳ್ಳೆಯ ಕವಲುಗಳನ್ನು ಹಿಡಿಯುತ್ತವೆ. ತಡವಾಗಿ ಬಂದವಕ್ಕೆ ತುದಿಯ ಬಳುಕುವ ಕೊಂಬೆ. ಗಾಳಿ ಬೀಸಿದರೆ ಗೂಡೇ ನೀರಿನ ಪಾಲು. ಮೀನು ಹತ್ತಿರದಲ್ಲಿ ಮುಗಿದರೆ ತಾಯಿತಂದೆಗಳು ದೂರಕ್ಕೆ ಹಾರಬೇಕು. ಅಷ್ಟು ಹೊತ್ತು ಮರಿ ಬಿಸಿಲಿನಲ್ಲಿ ಕಾಯಬೇಕು. ವರ್ಷಗಟ್ಟಲೆ ಹಿಕ್ಕೆ ಸುರಿದರೆ ಗೂಡಿಗೆ ಆಧಾರವಾದ ಮರವೇ ಸೊರಗುವುದುಂಟು. ಹೀಗೆ ದಟ್ಟಣೆಯೊಡನೆ ಹುಟ್ಟು ಇಳಿಯುತ್ತದೆ, ಸಾವು ಏರುತ್ತದೆ. ಇವೆರಡೂ ಸಮವಾಗುವ ಹಂತದಲ್ಲಿ ಬೆಳವಣಿಗೆ ನಿಲ್ಲುತ್ತದೆ. ಒಂದು ನೆಲ ಹೊರಬಲ್ಲ ಆ ಸಂಖ್ಯೆಯನ್ನು ಅದರ ಧಾರಣಶಕ್ತಿ ಎನ್ನಬಹುದು. ೧೮೩೮ರಲ್ಲಿ ಬೆಲ್ಜಿಯಮ್ಮಿನ ವೆರ್‌ಹುಲ್ಸ್ಟ್ ಎಂಬ ಗಣಿತಜ್ಞನು ಇದಕ್ಕೊಂದು ಸಮೀಕರಣವನ್ನು ಬರೆದನು. ಅದನ್ನು ರೇಖೆಯಾಗಿ ಎಳೆದರೆ ಮೊದಲು ಮೆಲ್ಲಗೆ, ನಡುವೆ ವೇಗವಾಗಿ, ಕೊನೆಗೆ ಮತ್ತೆ ಮೆಲ್ಲಗೆ ಏರಿ ಮಟ್ಟಸವಾಗುವ ಬಾಗುಗೆರೆ ಮೂಡುತ್ತದೆ.

ಈ ಗೆರೆ ಬಹಳ ಕಾಲ ಮರೆತುಹೋಗಿತ್ತು. ೧೯೨೦ರಲ್ಲಿ ಅಮೆರಿಕದ ಪರ್ಲ್ ಮತ್ತು ರೀಡ್ ಎಂಬ ಇಬ್ಬರು ಅದನ್ನು ತಾವಾಗಿಯೇ ಮತ್ತೆ ಕಂಡುಕೊಂಡು, ತಮ್ಮ ದೇಶದ ಜನಗಣತಿಗಳಿಗೆ ಹೊಂದಿಸಿ, ಆ ದೇಶದ ಜನಸಂಖ್ಯೆ ಸುಮಾರು ೧೯ ಕೋಟಿ ೭೦ ಲಕ್ಷಕ್ಕೆ ನಿಲ್ಲುವುದೆಂದು ಲೆಕ್ಕ ಹಾಕಿದರು. ೧೯೭೦ರ ಗಣತಿಯ ಹೊತ್ತಿಗೆ ಅದು ೨೦ ಕೋಟಿಯನ್ನು ದಾಟಿ ಹೋಗಿತ್ತು. ಸೂತ್ರದ ಗಣಿತ ತಪ್ಪಾಗಿರಲಿಲ್ಲ. ಧಾರಣಶಕ್ತಿಯು ಕಲ್ಲಿನಲ್ಲಿ ಕೊರೆದ ಅಂಕಿಯೆಂದು ನಂಬಿದ್ದು ತಪ್ಪಾಯಿತು. ಅಲ್ಪ ಮಳೆಯ ಕೂಡ್ಲಿಗಿ ಸೀಮೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ತುಂಬಿದ ಕೆರೆ ಹೊರುವ ಹಕ್ಕಿಗಳು ಒಂದಷ್ಟು, ಬತ್ತಿದ ಕೆರೆ ಹೊರುವವು ಮತ್ತೊಂದಷ್ಟು. ಬರಗಾಲವು ಗುಂಪು ದಟ್ಟವೋ ವಿರಳವೋ ಎಂದು ನೋಡಿ ಬರುವುದಿಲ್ಲ. ಅದು ಗೆರೆಯನ್ನೇ ಕೆಳಕ್ಕೆ ಎಳೆಯುತ್ತದೆ.

ಎಲ್ಲ ಜೀವಿಗಳೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ ಎಂಬುದನ್ನೂ ಗಮನಿಸಬೇಕು. ಹೊಲದ ಹುಳು ಒಂದೇ ಬೆಳೆಯ ಕಾಲದಲ್ಲಿ ಹಲವು ತಲೆಮಾರುಗಳನ್ನು ಕಾಣಬಲ್ಲದು. ಅಮೆರಿಕ ಖಂಡಗಳಿಂದ ಹರಡಿದ ಮೆಕ್ಕೆಜೋಳದ ಸೈನಿಕ ಹುಳು ಭಾರತದಲ್ಲಿ ಮೊದಲು ಗೋಚರವಾದದ್ದು ೨೦೧೮ರಲ್ಲಿ, ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ. ಒಂದೆರಡು ವರ್ಷಗಳಲ್ಲೇ ಅದು ದೇಶದ ಮೆಕ್ಕೆಜೋಳದ ಹೊಲಗಳಲ್ಲೆಲ್ಲ ಹಬ್ಬಿಬಿಟ್ಟಿತು. ಕರಡಿಯ ಬಾಳು ಇದಕ್ಕೆ ತೀರ ಬೇರೆ. ತಾಯಿ ಒಂದು ಸೂಲಿಗೆ ಸಾಮಾನ್ಯವಾಗಿ ಒಂದೋ ಎರಡೋ ಮರಿಗಳನ್ನು ಬಂಡೆಗಳ ನಡುವಣ ಗವಿಯಲ್ಲಿ ಈಯುತ್ತದೆ. ಹೊರಗೆ ಬಂದ ಮೇಲೆ ತಿಂಗಳುಗಟ್ಟಲೆ ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಮರಿಗಳು ಎರಡು ವರ್ಷಗಳಷ್ಟು ಕಾಲ ತಾಯಿಯ ಜೊತೆಗೇ ಇರುತ್ತವೆ. ಆ ಅವಧಿಯಲ್ಲಿ ಇನ್ನೊಂದು ಸೂಲು ಇಲ್ಲ. ಆದಕಾರಣ ಎರಡು ಮೂರು ತಾಯಿಕರಡಿಗಳು ಸತ್ತರೆ ಆ ಗುಡ್ಡದ ಸಮುದಾಯ ಚೇತರಿಸಿಕೊಳ್ಳಲು ವರ್ಷಗಳೇ ಬೇಕು. ಒಂದೇ ವರ್ಷದಲ್ಲಿ ಕರಡಿಗಳು ಇಮ್ಮಡಿಯಾದವೆಂದು ಯಾರಾದರೂ ಹೇಳಿದರೆ, ಹುಟ್ಟಿನ ಬಾಗಿಲಿನಿಂದ ಅದು ಸಾಧ್ಯವಿಲ್ಲವೆಂದು ಧೈರ್ಯವಾಗಿ ಹೇಳಬಹುದು.

ಇನ್ನು ಸ್ಪರ್ಧೆಯ ಮಾತು. ತನ್ನ ಜಾತಿಯೊಳಗಿನ ಪೈಪೋಟಿಯನ್ನು ಗೂಡಿನ ಕವಲಿನಲ್ಲಿ ಆಗಲೇ ಕಂಡೆವು. ಬೇರೆ ಬೇರೆ ಜಾತಿಗಳ ನಡುವೆಯೂ ಪೈಪೋಟಿಯುಂಟು. ರಷ್ಯದ ಗೌಸ್ ಎಂಬ ತರುಣ ವಿಜ್ಞಾನಿ ಪ್ಯಾರಮೀಸಿಯಂ ಎಂಬ, ಬರಿಗಣ್ಣಿಗೆ ಕಾಣಿಸದಷ್ಟು ಚಿಕ್ಕ ಜಲಜೀವಿಯ ಎರಡು ಜಾತಿಗಳನ್ನು ಗಾಜಿನ ನಳಿಕೆಗಳಲ್ಲಿ ಸಾಕಿ, ಫಲಿತಾಂಶವನ್ನು ೧೯೩೪ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು. ಬೇರೆ ಬೇರೆಯಾಗಿ ಸಾಕಿದಾಗ ಎರಡೂ ವೆರ್‌ಹುಲ್ಸ್ಟನ ಬಾಗುಗೆರೆಯಂತೆಯೇ ಬೆಳೆದವು. ಒಂದೇ ನಳಿಕೆಯಲ್ಲಿ ಒಂದೇ ಆಹಾರವನ್ನು ಕೊಟ್ಟು ಸಾಕಿದಾಗ ಒಂದು ಜಾತಿ ಉಳಿಯಿತು, ಇನ್ನೊಂದು ಅಳಿಯಿತು. ಆದರೆ ನಳಿಕೆಯ ಬೇರೆ ಬೇರೆ ಭಾಗಗಳಲ್ಲಿ ಮೇಯುವ ಎರಡು ಜಾತಿಗಳನ್ನು ಕೂಡಿಸಿದಾಗ ಎರಡೂ ಬದುಕಿದವು. ಎಲ್ಲ ವಿಧದಲ್ಲಿಯೂ ಒಂದೇ ಬದುಕನ್ನು ಬಯಸುವ ಇಬ್ಬರು ಬಹುಕಾಲ ಒಂದೇ ಮನೆಯಲ್ಲಿ ಇರಲಾರರು ಎಂಬುದು ಇದರ ತಾತ್ಪರ್ಯ.

ಅಂಕಸಮುದ್ರದ ಏರಿಯ ಮೇಲೆ ನಿಂತು ನೋಡಿದರೆ ಇದೇ ತತ್ತ್ವ ಕಣ್ಣಿಗೆ ಕಟ್ಟುತ್ತದೆ. ಬಣ್ಣದ ಕೊಕ್ಕರೆ ಮೊಣಕಾಲಷ್ಟು ನೀರಿನಲ್ಲಿ ನಡೆದಾಡುತ್ತ, ಅರೆತೆರೆದ ಕೊಕ್ಕನ್ನು ಅದ್ದಿ, ಮೀನು ಸೋಕಿದೊಡನೆ ಮುಚ್ಚುತ್ತದೆ. ನೀರುಕಾಗೆ ಆಳಕ್ಕೆ ಮುಳುಗಿ ಮೀನನ್ನು ಅಟ್ಟಿ ಹಿಡಿಯುತ್ತದೆ. ಕೆಂಬರಲು ಬಾಗಿದ ಕೊಕ್ಕಿನಿಂದ ಕೆಸರನ್ನು ಕೆದಕುತ್ತದೆ. ಬಾಯ್ಕಳಕ ಕೊಕ್ಕರೆಗೆ ಬಸವನಹುಳುವೇ ಮುಖ್ಯ ಆಹಾರ. ಚಳಿಗಾಲದಲ್ಲಿ ಟಿಬೆಟ್ ಮಂಗೋಲಿಯಗಳ ಕಡೆಯಿಂದ ಈ ಸೀಮೆಯ ಕೆರೆಗಳಿಗೆ ಬರುವ ಪಟ್ಟೆತಲೆಯ ಹೆಬ್ಬಾತು ಕೆರೆಯಲ್ಲಿ ತಂಗಿ ಸುತ್ತಣ ಬಯಲಿನಲ್ಲಿಯೂ ಹೊಲಗಳಲ್ಲಿಯೂ ಹುಲ್ಲು ಕಾಳುಗಳನ್ನು ಮೇಯುತ್ತದೆ. ಒಂದೇ ಕೆರೆ, ಆದರೆ ಪಂಕ್ತಿಗಳು ಬೇರೆ ಬೇರೆ. ಮೇವಿನಲ್ಲಿ ಪಾಲು ಹಂಚಿಕೊಂಡವು ಗೂಡಿನ ಮರಕ್ಕೆ ಬಂದಾಗ ಮಾತ್ರ ಒಂದನ್ನೊಂದು ಒತ್ತುತ್ತವೆ.

ಸ್ಪರ್ಧೆ ಸಸ್ಯಗಳಲ್ಲೂ ಇದೆ. ಅದಕ್ಕೆ ಉದಾಹರಣೆಯ ಹೆಸರಿನಲ್ಲಿಯೇ ನಮ್ಮ ಜಿಲ್ಲೆ ಅಂಟಿಕೊಂಡಿದೆ. ಬಳ್ಳಾರಿ ಜಾಲಿ ಎಂದು ಕರೆಯುವ ಮುಳ್ಳುಗಿಡ ಬಳ್ಳಾರಿಯದಲ್ಲ. ಅದರ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕ. ಸೌದೆಗೂ ಬಂಜರು ನೆಲವನ್ನು ಹಸಿರಾಗಿಸುವುದಕ್ಕೂ ಆಗುವುದೆಂದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅದನ್ನು ಭಾರತಕ್ಕೆ ತಂದರು. ಅದರ ಬೇರು ಬಹಳ ಆಳಕ್ಕೆ ಇಳಿಯುತ್ತದೆ. ಸೊಪ್ಪನ್ನು ದನಕರುಗಳು ಹೆಚ್ಚಾಗಿ ಮುಟ್ಟುವುದಿಲ್ಲ. ಸಿಹಿಯಾದ ಕಾಯನ್ನು ಮಾತ್ರ ಕುರಿಮೇಕೆಗಳು ಆಸೆಯಿಂದ ತಿಂದು ಹಿಕ್ಕೆಯೊಡನೆ ಬೀಜವನ್ನು ಬಯಲಿಗೆಲ್ಲ ಹಂಚುತ್ತವೆ. ಕುರಿಹಿಂಡುಗಳ ಈ ಸೀಮೆಯಲ್ಲಿ ಅದಕ್ಕೆ ಬೇರೆ ವಾಹನ ಬೇಕಿಲ್ಲ. ಅದು ದಟ್ಟವಾಗಿ ಬೆಳೆದಲ್ಲಿ ಹುಲ್ಲೂ ಸ್ಥಳದ ಚಿಕ್ಕ ಗಿಡಗಳೂ ಹಿಂದೆ ಸರಿಯುತ್ತವೆ. ಕವಳೆ, ಬಾರೆ ಮೊದಲಾದ ಹಣ್ಣಿನ ಪೊದೆಗಳು ಕಡಿಮೆಯಾದ ಗುಡ್ಡದಲ್ಲಿ ಕರಡಿಗೆ ಉಣಿಸೂ ಕಡಿಮೆ. ಸಸ್ಯಗಳ ಜಗಳದ ಬಿಸಿ ಹೀಗೆ ರೈತರ ಶೇಂಗಾ ಹೊಲಕ್ಕೂ ತಟ್ಟಬಹುದು.

ಈಗ ಎಣಿಕೆಯ ವಿಷಯ. ಗಿಡಗಳು ನಿಂತಲ್ಲೇ ಇರುವುದರಿಂದ ಕೆಲಸ ಸುಲಭ. ಬಯಲಿನಲ್ಲಿ ಚೀಟಿ ಎತ್ತಿದಂತೆ ಅಲ್ಲಲ್ಲಿ ಚೌಕಗಳನ್ನು ಗುರುತಿಸಿ, ಒಳಗಿನ ಗಿಡಗಳನ್ನು ಎಣಿಸಿ, ಇಡೀ ಬಯಲಿಗೆ ಗುಣಿಸಬಹುದು. ಚೌಕಗಳನ್ನು ನಮಗೆ ನಡೆಯಲು ಅನುಕೂಲವಾದ ದಾರಿಯ ಬದಿಯಲ್ಲಿಯೇ ಹಾಕಬಾರದು. ಕಾಡಿನ ಒಳಗಿರುವುದು ದಾರಿಯ ಬದಿಯಲ್ಲಿ ಇರುವುದಿಲ್ಲ.

ಹಕ್ಕಿಗಳು ನಿಂತಲ್ಲಿ ನಿಲ್ಲವು. ದೊಡ್ಡ ಹಿಂಡನ್ನು ಒಂದೊಂದಾಗಿ ಎಣಿಸಲಾಗದು. ಹತ್ತು ಹಕ್ಕಿಗಳು ಹಿಡಿಯುವ ಜಾಗವನ್ನು ಕಣ್ಣಿನಲ್ಲಿ ಅಳೆದು, ಅದರಿಂದ ನೂರರ ಅಳತೆಯನ್ನು ಮಾಡಿಕೊಂಡು, ಆ ಅಳತೆಯನ್ನು ಹಿಂಡಿನ ಉದ್ದಕ್ಕೂ ಇಡುತ್ತ ಹೋಗುತ್ತಾರೆ. ಅಭ್ಯಾಸವಿಲ್ಲದ ಕಣ್ಣು ದೊಡ್ಡ ಹಿಂಡನ್ನು ಸಾಮಾನ್ಯವಾಗಿ ಇದ್ದುದಕ್ಕಿಂತ ಕಡಿಮೆಯೆಂದೇ ಕಾಣುತ್ತದೆ. ಒಮ್ಮೆ ಜನವರಿ ತಿಂಗಳಲ್ಲಿ ನಾನು ವಿದ್ಯಾರ್ಥಿಗಳನ್ನು ಎರಡು ತಂಡಗಳಾಗಿ ಮಾಡಿ ಅಂಕಸಮುದ್ರದಲ್ಲಿ ಅದೇ ಮರಗಳನ್ನು ಎಣಿಸಲು ಹಚ್ಚಿದೆ. ಒಂದು ತಂಡ ಬೆಳಗಿನ ಜಾವದಲ್ಲಿ ಎಣಿಸಿತು. ಇನ್ನೊಂದು ತಿಂಡಿ ತಿಂದು ನಿಧಾನವಾಗಿ ಬಂದು ಎಣಿಸಿತು. ಲೆಕ್ಕಗಳು ಒಂದಕ್ಕೊಂದು ಹತ್ತಿರವೂ ಇರಲಿಲ್ಲ. ನಾನು ಎರಡನ್ನೂ ಕೂಡಿಸಿ ಅರ್ಧ ಮಾಡಿ ಸರಾಸರಿಯನ್ನು ಬರೆಯಿಸಿದೆ. ಏರಿಯ ಮೇಲೆ ಕುಳಿತಿದ್ದ ಊರಿನ ಹಿರಿಯರೊಬ್ಬರು ನಕ್ಕು, “ಹೊತ್ತು ಏರಿದ ಮ್ಯಾಲೆ ಅರ್ಧ ಹಕ್ಕಿ ಮೇಯಾಕ ಹೋಗಿರ್ತಾವ್ರಿ. ಮನ್ಯಾಗ ಇದ್ದೋರನ್ನ ರಾತ್ರಿ ಒಂದ್ಸಲ, ಮಧ್ಯಾಹ್ನ ಒಂದ್ಸಲ ಎಣಿಸಿ ಅರ್ಧ ಮಾಡಿದ್ರ ಮನಿ ಮಂದಿ ಎಷ್ಟಂತ ಗೊತ್ತಾಕ್ಕತ್ಯೇನ್ರಿ?” ಎಂದರು. ಸಂಖ್ಯಾಶಾಸ್ತ್ರದ ಗ್ರಂಥವೊಂದು ಹಲವು ಪುಟಗಳಲ್ಲಿ ಹೇಳುವುದನ್ನು ಅವರು ಎರಡು ಮಾತಿನಲ್ಲಿ ಮುಗಿಸಿದ್ದರು. ಆ ಸರಾಸರಿಯನ್ನು ನಾನು ಹೊಡೆದುಹಾಕಿದೆ.

ಇದಕ್ಕಾಗಿಯೇ ಏಷ್ಯದ ನೀರುಹಕ್ಕಿಗಳ ಗಣತಿಯನ್ನು ೧೯೮೭ರಿಂದ ಪ್ರತಿ ವರ್ಷವೂ ಜನವರಿ ತಿಂಗಳಲ್ಲಿ ನಡೆಸುತ್ತಾರೆ. ಅದೇ ಋತು, ಅದೇ ಕೆರೆ, ಅದೇ ಕ್ರಮ ಇದ್ದರೆ ಲೆಕ್ಕದಲ್ಲಿ ಸ್ವಲ್ಪ ತಪ್ಪಿದ್ದರೂ ಆ ತಪ್ಪು ವರ್ಷವರ್ಷವೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಏರಿತೋ ಇಳಿಯಿತೋ ಎಂಬುದಾದರೂ ತಿಳಿಯುತ್ತದೆ. ಆದರೆ ಜನವರಿಯ ಲೆಕ್ಕದಲ್ಲಿ ಊರಿನವರೂ ಅತಿಥಿಗಳೂ ಕೂಡಿರುತ್ತಾರೆ. ಇಲ್ಲಿಯೇ ಸಂಸಾರ ಹೂಡಿದವರೆಷ್ಟೆಂದು ತಿಳಿಯಬೇಕಾದರೆ ಗೂಡುಗಳನ್ನು ಎಣಿಸಬೇಕು. ಒಂದು ಗೂಡಿಗೆ ಒಂದು ಜೋಡಿ. ಮೈಸೂರು ಸಂಸ್ಥಾನದ ಆಶ್ರಯದಲ್ಲಿ ಸಲೀಂ ಅಲಿಯವರು ೧೯೩೯-೪೦ರಲ್ಲಿ ಪಕ್ಷಿಗಳ ಸಮೀಕ್ಷೆ ನಡೆಸಿದಾಗ ಯಾವ ಹಕ್ಕಿ ಎಲ್ಲಿದೆ ಎಂಬುದೇ ಮುಖ್ಯ ಪ್ರಶ್ನೆಯಾಗಿತ್ತು. ಎಷ್ಟಿದೆ ಎಂಬ ಪ್ರಶ್ನೆ ಆ ಅಡಿಪಾಯದ ಮೇಲೆ ಎದ್ದ ಎರಡನೆಯ ಅಂತಸ್ತು.

ಕೆರೆಯ ಮೀನು ಕಣ್ಣಿಗೇ ಬೀಳುವುದಿಲ್ಲ. ಅದನ್ನು ಎಣಿಸುವ ಉಪಾಯ ಬಹು ಸ್ವಾರಸ್ಯವಾದುದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಡೆನ್ಮಾರ್ಕಿನ ಪೀಟರ್ಸನ್ ಮೀನುಗಳಿಗೆ ಗುರುತು ಕಟ್ಟಿ ಬಿಡುವ ಕ್ರಮವನ್ನು ಬಳಕೆಗೆ ತಂದನು; ೧೯೩೦ರಲ್ಲಿ ಅಮೆರಿಕದ ಲಿಂಕನ್ ಕಾಲಿಗೆ ಉಂಗುರ ಹಾಕಿದ ಬಾತುಗಳ ಲೆಕ್ಕಕ್ಕೆ ಅದೇ ತರ್ಕವನ್ನು ಬಳಸಿದನು. ಬಲೆ ಬೀಸಿ ೨೦೦ ಮೀನು ಹಿಡಿದು, ಗುರುತು ಮಾಡಿ, ನೀರಿಗೆ ಬಿಟ್ಟೆವೆನ್ನಿ. ಅವು ಉಳಿದವುಗಳೊಡನೆ ಬೆರೆತ ಮೇಲೆ ಮತ್ತೆ ಬಲೆ ಬೀಸಿದಾಗ ೨೫೦ ಮೀನು ಸಿಕ್ಕವು. ಅವುಗಳಲ್ಲಿ ೧೦ಕ್ಕೆ ಗುರುತಿದೆ. ಇಪ್ಪತ್ತೈದರಲ್ಲಿ ಒಂದಕ್ಕೆ ಗುರುತು ಎಂದಾಯಿತು. ಕೆರೆಯಲ್ಲೆಲ್ಲ ಇದೇ ಪ್ರಮಾಣವಿದ್ದರೆ, ಗುರುತಿನ ಮೀನು ೨೦೦ ಇರಲು, ಒಟ್ಟು ಮೀನು ೫,೦೦೦. ಆದರೆ ಒಮ್ಮೆ ಬಲೆಗೆ ಬಿದ್ದ ಮೀನು ಜಾಣನಾಗಿ ಎರಡನೆಯ ಸಲ ತಪ್ಪಿಸಿಕೊಂಡು, ಗುರುತಿನವು ಐದೇ ಸಿಕ್ಕಿದ್ದರೆ? ಲೆಕ್ಕ ೧೦,೦೦೦ ಆಗುತ್ತದೆ. ಕೆರೆಯಲ್ಲಿ ಒಂದು ಮೀನೂ ಹೆಚ್ಚಿರುವುದಿಲ್ಲ.

ಹುಲಿಯ ಗಣತಿ ಇಂದು ನಿಂತಿರುವುದು ಇದೇ ತರ್ಕದ ಮೇಲೆ. ಹಿಂದೆ ಹೆಜ್ಜೆಗುರುತುಗಳನ್ನು ನಕಲು ಮಾಡಿ ಹುಲಿಗಳನ್ನು ಎಣಿಸುತ್ತಿದ್ದರು. ೨೦೦೫ರಲ್ಲಿ ರಾಜಸ್ಥಾನದ ಸರಿಸ್ಕಾದಲ್ಲಿ, ಕಾಗದದ ಲೆಕ್ಕದಲ್ಲಿ ಹುಲಿಗಳಿದ್ದು ಕಾಡಿನಲ್ಲಿ ಒಂದೂ ಇಲ್ಲದಿರುವುದು ಬಯಲಾದ ಮೇಲೆ ಆ ಪದ್ಧತಿಯ ಮಾನ ಹೋಯಿತು. ಆ ಮೊದಲೇ, ೧೯೯೦ರ ದಶಕದಲ್ಲಿ, ನಮ್ಮ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ಹುಲಿಯ ದಾರಿಯಲ್ಲಿಟ್ಟು ಎಣಿಸುವ ಕ್ರಮವನ್ನು ರೂಪಿಸಿದ್ದರು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಮೊದಲ ಚಿತ್ರವೇ ಗುರುತು, ಎರಡನೆಯ ಚಿತ್ರವೇ ಎರಡನೆಯ ಬಲೆ.

ಕರಡಿಗೆ ಪಟ್ಟೆಯಿಲ್ಲ. ಮೈಯೆಲ್ಲ ಕಪ್ಪು, ಎದೆಯ ಮೇಲಿನ ಬಿಳಿಯ ಗುರುತು ಕ್ಯಾಮೆರಾಕ್ಕೆ ಎದುರಾಗಿ ಬಂದರೆ ತಾನೆ ಕಾಣುವುದು! ಹತ್ತು ಚಿತ್ರಗಳಲ್ಲಿರುವುದು ಹತ್ತು ಕರಡಿಗಳೋ, ಹತ್ತು ಸಲ ನಡೆದ ಒಂದೇ ಕರಡಿಯೋ ಹೇಳುವುದು ಕಷ್ಟ. ಹಗಲೆಲ್ಲ ಗವಿಯಲ್ಲಿ ಮಲಗಿ ಇರುಳಿನಲ್ಲಿ ಸಂಚರಿಸುವ ಪ್ರಾಣಿಯನ್ನು ನೇರವಾಗಿ ಎಣಿಸುವಂತೆಯೂ ಇಲ್ಲ. ಆದ್ದರಿಂದ ಅದರ ಲದ್ದಿಯನ್ನೂ ಮುಳ್ಳಿಗೆ ಸಿಕ್ಕಿದ ಕೂದಲನ್ನೂ ಕೂಡಿಸಿ, ಅವುಗಳಲ್ಲಿ ಅಡಗಿರುವ ಆನುವಂಶಿಕ ದ್ರವ್ಯದಿಂದ ಒಂದೊಂದು ಕರಡಿಯನ್ನೂ ಬೇರೆಯಾಗಿ ಗುರುತಿಸುವುದು ಹೆಚ್ಚು ನಂಬಬಹುದಾದ ದಾರಿ. ಅದು ಹಣವನ್ನೂ ತಾಳ್ಮೆಯನ್ನೂ ಬೇಡುತ್ತದೆ. ಇನ್ನೊಂದು ಎಚ್ಚರಿಕೆಯೂ ಬೇಕು. ೧೯೯೪ರಲ್ಲಿ ಸ್ಥಾಪಿತವಾದ ದರೋಜಿಯ ಕರಡಿಧಾಮದಲ್ಲಿ ಬಂಡೆಗಳ ಮೇಲೆ ಬೆಲ್ಲದ ಪಾಕವನ್ನು ಬಳಿದು, ಅದನ್ನು ನೆಕ್ಕಲು ಬರುವ ಕರಡಿಗಳನ್ನು ಪ್ರವಾಸಿಗರು ಗೋಪುರದಿಂದ ನೋಡುವಂತೆ ಮಾಡಿದ್ದಾರೆ. ನೋಡುವವರಿಗೆ ಸಂತೋಷವೇನೋ ಸರಿ. ಆದರೆ ಆ ಬಂಡೆಯ ಮೇಲೆ ಕಂಡ ಕರಡಿಗಳಿಂದ ಕಾಡಿನ ಕರಡಿಗಳನ್ನು ಲೆಕ್ಕ ಹಾಕುವುದು, ಮದುವೆಯ ಮನೆಯ ಪಂಕ್ತಿಯನ್ನು ನೋಡಿ ಊರಿನ ಜನಸಂಖ್ಯೆಯನ್ನು ಹೇಳಿದಂತೆ. ರೈತರ ಶೇಂಗಾ ಹೊಲವೂ ಕರಡಿಯ ಪಾಲಿಗೆ ಬೆಲ್ಲ ಬಳಿದ ಬಂಡೆಯೇ.

ಕಂಡ ಸಂಖ್ಯೆಯ ಹಿಂದೆ ಕಾಣದ ಸಂಖ್ಯೆಗಳಿರುತ್ತವೆಂಬುದನ್ನು ನಾವು ಮನುಷ್ಯರ ಲೆಕ್ಕದಲ್ಲಿಯೂ ಒಮ್ಮೆ ಬಹು ದುಃಖದಿಂದ ಕಲಿತಿದ್ದೇವೆ. ಧಾತು-ಈಶ್ವರ ಸಂವತ್ಸರಗಳ ಬರ, ಎಂದರೆ ೧೮೭೬-೭೮ರ ಮಹಾಕ್ಷಾಮ, ಬಳ್ಳಾರಿ ಸೀಮೆಯನ್ನೂ ಮೈಸೂರು ಸಂಸ್ಥಾನವನ್ನೂ ನುಂಗಿತು. ಮೈಸೂರಿನ ಜನಸಂಖ್ಯೆ ೧೮೭೧ರ ಗಣತಿಯಲ್ಲಿ ಸುಮಾರು ೫೦ ಲಕ್ಷ ೫೫ ಸಾವಿರ ಇದ್ದದ್ದು ೧೮೮೧ರಲ್ಲಿ ಸುಮಾರು ೪೧ ಲಕ್ಷ ೮೬ ಸಾವಿರಕ್ಕೆ ಇಳಿಯಿತು. ವ್ಯತ್ಯಾಸ ೮ ಲಕ್ಷ ೬೯ ಸಾವಿರ. ಸತ್ತವರು ಅಷ್ಟೇ ಎಂದು ಹೇಳಬಹುದೆ? ಹೇಳಲಾಗದು. ಊರು ಬಿಟ್ಟು ಹೋದವರು ಈ ಲೆಕ್ಕದಲ್ಲಿದ್ದಾರೆ. ಹೊಟ್ಟೆಗಿಲ್ಲದ ಆ ವರ್ಷಗಳಲ್ಲಿ ಹುಟ್ಟದೇ ಹೋದ ಮಕ್ಕಳೂ ಇದ್ದಾರೆ. ಇನ್ನೊಂದು ಕಡೆ, ಬರಕ್ಕೆ ಮೊದಲೂ ಅದರ ಬಳಿಕವೂ ಹುಟ್ಟಿದವರು ಸತ್ತವರ ಲೆಕ್ಕವನ್ನು ಒಂದಷ್ಟು ಮುಚ್ಚಿದ್ದಾರೆ. ಹುಟ್ಟು, ಸಾವು, ಬರುವಿಕೆ, ಹೋಗುವಿಕೆ ಎಂಬ ನಾಲ್ಕು ಬಾಗಿಲುಗಳೂ ಒಂದೇ ಅಂಕಿಯೊಳಗೆ ಅಡಗಿವೆ. ಎರಡು ಗಣತಿಗಳ ನಡುವೆ ಯಾವ ಬಾಗಿಲಲ್ಲಿ ಎಷ್ಟು ಜನ ಹೋದರೆಂದು ಬರೆದಿಡುವ ಪರಿಪಾಠ ಗಟ್ಟಿಯಾಗಿದ್ದಿದ್ದರೆ ಆ ಕ್ಷಾಮದ ಕಥೆ ಇನ್ನೂ ಸ್ಪಷ್ಟವಾಗಿ ತಿಳಿಯುತ್ತಿತ್ತು.

ಮತ್ತೆ ಕೂಡ್ಲಿಗಿಯ ಆ ಜಗ­ಲಿಗೆ ಹೋಗೋಣ. ತಂದೆ ಕಂಡ ಕರಡಿ ಸುಳ್ಳಲ್ಲ. ಮಗನ ತರ್ಕವೂ ಸುಳ್ಳಲ್ಲ. ಆದರೆ ಹೊಲಕ್ಕೆ ಬಂದ ಒಂದು ಕರಡಿಯಿಂದ ಹೆಚ್ಚಿವೆ ಎಂಬುದಾಗಲಿ ತಗ್ಗಿವೆ ಎಂಬುದಾಗಲಿ ಸಿದ್ಧವಾಗುವುದಿಲ್ಲ. ಅದರಿಂದ ತಿಳಿಯುವುದು ಕರಡಿಯೂ ರೈತನೂ ಮೊದಲಿಗಿಂತ ಹತ್ತಿರವಾಗಿದ್ದಾರೆ ಎಂಬುದು ಮಾತ್ರ. ಈ ಭೇದ ಬರಿಯ ಪಂಡಿತರ ವಿನೋದವಲ್ಲ. ಕರಡಿಗಳು ನಿಜವಾಗಿ ಹೆಚ್ಚಿದ್ದರೆ ಮಾಡಬೇಕಾದ ವ್ಯವಸ್ಥೆ ಒಂದು. ನೆಲೆ ತಪ್ಪಿ ಹೊರಗೆ ಬರುತ್ತಿದ್ದರೆ ಮಾಡಬೇಕಾದದ್ದು ಮತ್ತೊಂದು. ಮೊದಲನೆಯದೆಂದು ತಪ್ಪು ತಿಳಿದು ನಡೆದರೆ, ಎರಡು ವರ್ಷಕ್ಕೊಮ್ಮೆಯೂ ಈಯದ ಆ ಪ್ರಾಣಿಯನ್ನು ನಾವು ಮರಳಿ ಪಡೆಯಲಾರೆವು. ಎರಡನೆಯದೆಂದು ಪಟ್ಟಣದಲ್ಲಿ ಕುಳಿತು ಸಾರುತ್ತ, ರೈತನು ಕಳೆದುಕೊಂಡ ಬೆಳೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಹೋದರೆ, ಕಾಡಿನ ಪಕ್ಕದಲ್ಲಿ ಬಾಳುವವನ ಸಹನೆಯನ್ನು ಕಳೆದುಕೊಳ್ಳುತ್ತೇವೆ. ಅಂಕಸಮುದ್ರದ ಹಕ್ಕಿಗಳನ್ನು ಉಳಿಸಿದ್ದರಲ್ಲಿ ಊರವರ ಸಹನೆಯ ಪಾಲು ದೊಡ್ಡದು. ಎಣಿಕೆಯವರು ಬಂದದ್ದು ಆಮೇಲೆ.

ಆದ್ದರಿಂದ ಇನ್ನು ಮುಂದೆ ಪತ್ರಿಕೆಯಲ್ಲಿ ಇಂತಹ ಪ್ರಾಣಿ ಇಷ್ಟು ಹೆಚ್ಚಿತು, ಇಷ್ಟು ತಗ್ಗಿತು ಎಂದು ಓದಿದಾಗ ಕೇಳುಗರು ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಬೇಕೆಂದು ಬೇಡುತ್ತೇನೆ. ಎಲ್ಲಿಂದ ಎಲ್ಲಿಯವರೆಗಿನ ನೆಲವನ್ನು, ಯಾವ ಕಾಲದಲ್ಲಿ ಎಣಿಸಿದರು? ಹಿಂದಿನ ಸಲವೂ ಇದೇ ಕ್ರಮದಲ್ಲಿ ಎಣಿಸಿದ್ದರೆ? ಕಾಣದೆ ಉಳಿದವುಗಳಿಗೆ ಲೆಕ್ಕದಲ್ಲಿ ಏನು ಅವಕಾಶ ಕೊಟ್ಟರು? ಈ ಮೂರಕ್ಕೂ ಉತ್ತರವಿದ್ದರೆ ಆ ಅಂಕಿಯನ್ನು ನಂಬಿ ನಡೆಯಬಹುದು. ಇಲ್ಲದಿದ್ದರೆ ಅದು ತಿಂಡಿ ತಿಂದು ಬಂದ ನನ್ನ ವಿದ್ಯಾರ್ಥಿಗಳ ಎಣಿಕೆಯಂತೆ. ಹಕ್ಕಿಗಳು ಎದ್ದು ಹೋದ ಮೇಲೆ ಮರವನ್ನು ಎಣಿಸಿದ ಹಾಗೆ.